ಹೊಳೆಯಾಚೆಯಿಂದ ಬಂದ ಎರೆಭೂತ

ಎರೆಸೀಮೆಯ ಹುಲ್ಲುಗಾವಲಿನಲ್ಲಿ ಎರೆಭೂತ ಹಕ್ಕಿಗಳು ಆರೇ ಆರು ಉಳಿದಿದ್ದವು. ಆರೂ ಒಬ್ಬಳೇ ಅಜ್ಜಿಯ ಕುಡಿಗಳು. ಅವರಲ್ಲಿ ಹೊನ್ನಿ ಎಂಬವಳು ಮೂರು ವರ್ಷದಿಂದ ವರ್ಷಕ್ಕೊಂದು ಮೊಟ್ಟೆಯಿಟ್ಟು ಕಾವು ಕೊಟ್ಟಿದ್ದಳು. ಒಂದೂ ಮರಿಯಾಗಲಿಲ್ಲ.

ಒಂದು ದಿನ ಹೊಳೆಯಾಚೆಯಿಂದ ಒಂಟಿ ಗಂಡುಹಕ್ಕಿಯೊಬ್ಬ ಬಂದಿಳಿದ. ಹಿಂಡಿನ ಹಿರಿಯನಾದ ಹೊನ್ನಿಯ ದೊಡ್ಡಪ್ಪ ಅಡ್ಡ ನಿಂತು, "ನೀನು ನಮ್ಮ ರಕ್ತದವನಲ್ಲ, ಹಿಂತಿರುಗು" ಎಂದ. ಬಂದವನು ತಲೆ ತಗ್ಗಿಸಿ ಹೊರಟುಹೋದ.

ಹೊನ್ನಿ ತಣ್ಣಗಾದ ತನ್ನ ಮೊಟ್ಟೆಯನ್ನು ದೊಡ್ಡಪ್ಪನ ಕಾಲಿನ ಬಳಿಗೆ ಉರುಳಿಸಿ ತಂದಳು.

"ಇದು ಪೂರಾ ನಮ್ಮದೇ ರಕ್ತ, ದೊಡ್ಡಪ್ಪ. ಒಳಗೆ ಜೀವವಿದೆಯೇ, ನೀವೇ ಕೇಳಿ ನೋಡಿ."

ಹಿರಿಯ ಬಾಗಿ ಬಹಳ ಹೊತ್ತು ಕಿವಿಗೊಟ್ಟ.

"ತಪ್ಪು ನಿನ್ನದಲ್ಲ, ಮಗಳೇ. ಎಲ್ಲರೂ ಒಂದೇ ಬಳ್ಳಿಯವರಾದರೆ ಒಬ್ಬರ ಕೊರತೆಯನ್ನು ತುಂಬುವವರು ಯಾರು?" ಎಂದು ತಾನೇ ಹಾರಿಹೋಗಿ, ಹೊಳೆಯ ದಂಡೆಯಲ್ಲಿ ನಿಂತಿದ್ದವನನ್ನು ಕರೆತಂದ.

ಮರುವರ್ಷ ಹೊನ್ನಿಯ ಮೊಟ್ಟೆ ಒಡೆದು ಮರಿ ತಲೆಯೆತ್ತಿತು.

"ಯಾರ ಹಾಗಿದೆ, ದೊಡ್ಡಪ್ಪ?" ಎಂದು ಹೊನ್ನಿ ಕೇಳಿದಳು.

ಹಿರಿಯ ಮರಿಗೆ ಬಿಸಿಲು ತಾಗದಂತೆ ರೆಕ್ಕೆ ಬಿಚ್ಚಿ ನಿಂತ.