ನಾಯಕರು ದಾಟಲಾರದ ತಡಿಕೆ

ಕಣಿವೆಹಳ್ಳಿಯ ಪಾಳೆಯಗಾರ ದೊಡ್ಡಮಲ್ಲನಾಯಕರು ಆಳು ಗಿಡ್ಡ, ಮಾತು ಎತ್ತರ. "ನನ್ನ ದಾರಿಗೆ ಅಡ್ಡ ನಿಲ್ಲುವಂಥದ್ದು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ" ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ.

ಗಿಡ್ಡರಾದದ್ದಕ್ಕೆ ಕಾರಣ ಸೀಮೆಗೆಲ್ಲ ಗೊತ್ತು. ಅವರು ಹಸುಗೂಸಾಗಿ ನೆಲದ ಮೇಲೆ ಮಲಗಿದ್ದಾಗ ಸೋದರಮಾವ ಅವಸರದಲ್ಲಿ ದಾಟಿಕೊಂಡು ಹೋದನಂತೆ. ಮಲಗಿದ ಕೂಸನ್ನು ದಾಟಿದವರು ಮರಳಿ ದಾಟಬೇಕು, ಇಲ್ಲದಿದ್ದರೆ ಕೂಸು ಬೆಳೆಯುವುದಿಲ್ಲ. ಮಾವ ಮರಳಲಿಲ್ಲ, ನಾಯಕರು ಬೆಳೆಯಲಿಲ್ಲ. ಈ ಮಾತನ್ನು ಅವರೆದುರು ಆಡುವ ಧೈರ್ಯ ಇದ್ದದ್ದು ಅವರ ತಾಯಿ ಚೆನ್ನವ್ವನವರೊಬ್ಬರಿಗೇ.

ಸುಗ್ಗಿ ಮುಗಿದ ಮೇಲೆ ಕುರಿಗಾರ ಮಾಳಿಂಗ ಕೆರೆಯ ಕೆಳಗಿನ ಹೊಲಗಳಲ್ಲಿ ಮಂದೆ ನಿಲ್ಲಿಸುವುದು ವರ್ಷವರ್ಷದ ಪದ್ಧತಿ. ಹೊಲಕ್ಕೆ ಗೊಬ್ಬರವಾಗುತ್ತದೆಂದು ರೈತರೇ ಕರೆಯುತ್ತಿದ್ದರು. ಸುತ್ತಲೂ ಬಿದಿರು ಹೆಣೆದ ತಡಿಕೆ ನಿಲ್ಲಿಸಿದರೆ ಕುರಿಗೆ ಅದೇ ಮನೆ. ಆ ವರ್ಷ ತಡಿಕೆಯ ಒಂದು ಮೂಲೆ, ನಾಯಕರು ಈಶ್ವರನ ಗುಡಿಗೆ ಹೋಗುವ ಕಾಲುದಾರಿಗೆ ಅಡ್ಡ ಬಂತು. ಸರಿ, ಮಾಳಿಂಗನಿಗೆ ಕರೆ ಹೋಯಿತು.

"ಬುದ್ಧಿ, ಹದಿನೇಳು ಮರಿ ಹುಟ್ಟಿವೆ. ತಡಿಕೆ ಕಿತ್ತರೆ ತೋಳ ಒಂದನ್ನೂ ಉಳಿಸೋದಿಲ್ಲ. ಕಾಲು ಗಟ್ಟಿಯಾಗೋವರೆಗೆ ಒಂದು ತಿಂಗಳು ಬಿಡಿ."

"ನಾಳೆ ಹೊತ್ತೇರುವಷ್ಟರಲ್ಲಿ ಕಿತ್ತಿರಬೇಕು" ಎಂದರು ನಾಯಕರು.

ಪಕ್ಕದಲ್ಲಿ ತಾಂಬೂಲದ ಸಂಕಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದ. ನಾಯಕರಿಗೆ ವೀಳ್ಯ ಮಡಿಸಿಕೊಡುವುದು ಅವನ ಕೆಲಸ. ಮಾಳಿಂಗನ ಮುಖ ನೋಡಿ ಅವನ ಬೆರಳು ನಿಂತಿತು.

"ಬುದ್ಧಿ, ಕೋಟೆ ಬಾಗಿಲ ಅಗುಳಿಯನ್ನೂ ತೆಗೆಸಿಬಿಡೋಣವೇ? ಅದೂ ಅಡ್ಡವೇ."

"ಅದು ನಮ್ಮನ್ನು ಕಾಯೋದಯ್ಯ."

"ತೋಟದ ಬೇಲಿ?"

"ಅದು ಗಿಡ ಕಾಯೋದು."

"ಮಾಳಿಂಗನ ತಡಿಕೆ?"

"ಅದು ನನ್ನನ್ನು ತಡೆಯೋದು. ತಡೆಯೋದೇನು ಬಂತು, ಮನಸ್ಸು ಮಾಡಿದರೆ ಒಂದೇ ನೆಗೆತಕ್ಕೆ ಆಚೆ ಇರ್ತೀನಿ."

ಸಂಕಪ್ಪ ಕಾದಿದ್ದದ್ದು ಈ ಮಾತಿಗೇ.

"ಹಾಗಾದರೆ ನಾಳೆ ಬೆಳಿಗ್ಗೆ ನಾನು ಒಂದೇ ಒಂದು ತಡಿಕೆ ಇಡ್ತೀನಿ. ತಮ್ಮ ಮಂಡಿ ಎತ್ತರ, ಅಷ್ಟೇ. ತಾವು ಅದನ್ನು ದಾಟಿ, ಆಚೆ ನಿಂತು, ನನ್ನ ಕೈಯಿಂದ ವೀಳ್ಯ ತಗೊಂಡರೆ ತಡಿಕೆ ಕೀಳೋನು ನಾನೇ. ಆಗದಿದ್ದರೆ ಮಾಳಿಂಗನಿಗೆ ಒಂದು ತಿಂಗಳು."

"ಮಂಡಿ ಎತ್ತರಕ್ಕೆ ಪಂಥವೇ?" ನಾಯಕರು ನಕ್ಕರು. "ಈಶ್ವರನಾಣೆಗೂ ಒಪ್ಪಿದೆ."

ಬೆಳಿಗ್ಗೆ ಹೊಲದಲ್ಲಿ ಊರೇ ನೆರೆದಿತ್ತು. ಮಂದೆಯ ಮೂಲೆಗೆ ತಾಗಿದಂತೆ ನಾಲ್ಕು ಗೂಟಗಳ ಮೇಲೆ ಚಪ್ಪರದ ಹಾಗೆ ಒಂದು ತಡಿಕೆ ಅಡ್ಡಲಾಗಿ ಮಲಗಿತ್ತು, ಅದರ ಮೇಲೆ ಕಂಬಳಿ ಇಳಿಬಿದ್ದಿತ್ತು. ಆಚೆ ಸಂಕಪ್ಪ ಎಲೆ ಹಿಡಿದು ನಿಂತಿದ್ದ. ಹೊಂಗೆಯ ನೆರಳಲ್ಲಿ ಚೆನ್ನವ್ವನವರು ಕೂತಿದ್ದರು.

ನಾಯಕರು ಕಚ್ಚೆ ಬಿಗಿದರು, ಓಡಿ ಬಂದರು, ನೆಗೆದರು. ಒಂದು ಗೇಣು ಮಿಗಿಸಿಯೇ ಆಚೆ ಇಳಿದರು.

"ತಾರಯ್ಯ ವೀಳ್ಯ."

"ಕೊಟ್ಟೆ ಬುದ್ಧಿ. ಸುಣ್ಣ ಒಂಚೂರು ಕಡಿಮೆಯಾಯ್ತು." ಸಂಕಪ್ಪ ಎಲೆ ಬಿಚ್ಚಿ ಮತ್ತೆ ಸುಣ್ಣ ಸವರತೊಡಗಿದ.

ಅಷ್ಟರಲ್ಲಿ ಚೆನ್ನವ್ವನವರು ಎದ್ದು ಬಂದು ಕಂಬಳಿಯ ಅಂಚು ಎತ್ತಿದರು. ಒಳಗೆ ನಾಯಕರ ಮೂರು ವರ್ಷದ ಮೊಮ್ಮಗಳು ಗುರುಸಿದ್ದಿ ಒಂದು ಕುರಿಮರಿಯನ್ನು ತಬ್ಬಿಕೊಂಡು ಗೊರಕೆ ಹೊಡೆಯುತ್ತಿದ್ದಳು. ದಿನಾ ಮುತ್ತಜ್ಜಿಯ ಕೈ ಹಿಡಿದು ಮರಿ ನೋಡಲು ಬರುವುದು, ಅಲ್ಲೇ ನಿದ್ದೆ ಹೋಗುವುದು ಅವಳ ರೂಢಿ. ಇದನ್ನು ಊರಲ್ಲಿ ತಿಳಿಯದವರು ನಾಯಕರೊಬ್ಬರೇ.

"ಕೂಸನ್ನು ದಾಟಿದೆಯಲ್ಲೋ ಮಲ್ಲ. ನಿನ್ನ ಹಾಗೇ ಆಗಲಿ ಅಂತಲೇ?"

ನಾಯಕರ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತು. ಹಿಂದುಮುಂದು ನೋಡದೆ ಬಂದ ಹಾದಿಯಲ್ಲೇ ಮರಳಿ ನೆಗೆದರು.

ಸಂಕಪ್ಪ ವೀಳ್ಯ ಮಡಿಸಿ ಮುಗಿಸಿದ.

"ಸಿದ್ಧವಾಯ್ತು ಬುದ್ಧಿ. ತಾವು ಮತ್ತೆ ಆ ಕಡೆಗೇ ಹೋಗಿಬಿಟ್ಟಿರಲ್ಲ?"

"ಮತ್ತೆ ಬಂದೆ ಇರು" ಎಂದು ನಾಯಕರು ಕಾಲೆತ್ತಿದರು.

"ಬನ್ನಿ. ಬಂದರೆ ಮರಳಿ ಹೋಗಬೇಕಾಗುತ್ತೆ, ಅಷ್ಟೇ."

ಎತ್ತಿದ ಕಾಲು ಹಾಗೇ ಇಳಿಯಿತು. "ಅವ್ವ, ಮಗೂನ ಎಬ್ಬಿಸು."

"ಮಲಗಿದ ಕೂಸನ್ನು ಎಬ್ಬಿಸೋ ಪಾಪ ನನಗೆ ಬೇಡಪ್ಪ. ಬೇಕಾದರೆ ನೀನೇ ಎಬ್ಬಿಸು."

ನಾಯಕರು ಬಗ್ಗಿ ನೋಡಿದರು. ಮೊಮ್ಮಗಳ ಗಲ್ಲದ ಮೇಲೆ ಜೊಲ್ಲು ಇಳಿದಿತ್ತು. ಮರಿ ಒಮ್ಮೆ ಕಿವಿ ಒದರಿ ಮತ್ತೆ ಕಣ್ಣು ಮುಚ್ಚಿತು. ಅವರ ಕೈ ಮುಂದೆ ಹೋಗಲಿಲ್ಲ.

"ಮೋಸ ಕಣಯ್ಯ ಸಂಕಪ್ಪ" ಎಂದರು ಪಿಸುದನಿಯಲ್ಲಿ. "ನನ್ನನ್ನು ನಿಲ್ಲಿಸಿದ್ದು ತಡಿಕೆಯಲ್ಲ."

"ನಿಜ ಬುದ್ಧಿ. ನಿಲ್ಲಿಸಿದ್ದು ಅದರಡಿ ಮಲಗಿರೋ ಕೂಸು. ಮಾಳಿಂಗನ ತಡಿಕೆಯೊಳಗೂ ಅಂಥವೇ ಹದಿನೇಳು ಮಲಗಿವೆ."

ನಾಯಕರು ಉತ್ತರೀಯವನ್ನು ಬಾಯಿಗೆ ತುರುಕಿಕೊಂಡು, ಮಗು ಏಳದ ಹಾಗೆ, ಹೊಟ್ಟೆ ಕುಲುಕಿಸಿ ನಕ್ಕರು. ಮಾಳಿಂಗನಿಗೆ ಒಂದರ ಬದಲು ಎರಡು ತಿಂಗಳ ಗಡುವು ಸಿಕ್ಕಿತು. ಗುಡಿಗೆ ಸುತ್ತು ದಾರಿಯಲ್ಲಿ ಹೋದರೆ ಈಶ್ವರನೇನೂ ಬೇಸರಪಡುವುದಿಲ್ಲವೆಂದು ಅವರೇ ಸಾರಿದರು.

"ಇನ್ನಾದರೂ ವೀಳ್ಯ ಈಚೆಗೆ ತಾರಯ್ಯ."

ಸಂಕಪ್ಪ ಇಡೀ ಮಂದೆಯನ್ನು ಸುತ್ತಿಕೊಂಡು ನಿಧಾನವಾಗಿ ನಡೆದು ಬಂದ.

"ಒಂದು ಹೆಜ್ಜೆ ಎತ್ತಿ ಹಾಕಿದ್ದರೆ ಆಗ್ತಿತ್ತಲ್ಲ?"

"ಆಗ್ತಿತ್ತು ಬುದ್ಧಿ. ಆದರೆ ವೀಳ್ಯ ಕೊಡೋದರೊಳಗೆ ನಾನೂ ಮರಳಿ ದಾಟಿ ಆಚೆ ಇರಬೇಕಾಗಿತ್ತು."