ಎಕ್ಸ್‌ರೇ ರಾಯರಿಗೆ ಕಾಣದ ನಾರಮ್ಮ

ಹತ್ತಿರ ಬನ್ನಿ, ಇದು ನಿಮ್ಮ ಹೊಟ್ಟೆಯಲ್ಲೇ ಇರಲಿ. ಶಾಂತವ್ವ ಬಚ್ಚಲಲ್ಲಿ ಜಾರಿ ಕೈಯೂರಿ ಬಿದ್ದಾಗ, ಮಣಿಕಟ್ಟಿನ ಎರಡು ಮೂಳೆಗಳನ್ನು ಕಟ್ಟಿ ಹಿಡಿದಿದ್ದ ನಾರು, ಅದೇ ನಮ್ಮ ನಾರಮ್ಮ, ಹರಿದೇ ಹೋದಳು. ಗಂಡ-ಹೆಂಡಿರ ಹಾಗಿದ್ದ ಮೂಳೆಗಳು ಒಂದೊಂದು ದಾರಿ ಹಿಡಿದವು.

ಎಕ್ಸ್‌ರೇ ರಾಯರು ನೋಡಿ, "ಮೂಳೆ ಮುರಿದಿಲ್ಲ" ಅಂದರು.

"ರಾಯರೇ, ಹರಿದಿರೋಳು ನಾನು!"

"ಮೂಳೆ ಬಿಟ್ಟರೆ ನನಗೆ ಬೇರೆ ಯಾರೂ ಕಾಣಲ್ಲಮ್ಮ" ಅಂತ ಹೊರಟೇ ಹೋದರು.

"ಮುರಿದಿಲ್ಲ, ಬರೀ ನಾಟಕ" ಅಂತ ಅತ್ತೆ ಶಾಂತವ್ವನನ್ನು ಮತ್ತೆ ರೊಟ್ಟಿ ಬಡಿಯಲು ಕೂರಿಸಿದಳು. ಬಡಿದಷ್ಟೂ ಸಡಿಲ ಮೂಳೆಗಳು ನಡುವಿನ ಮೃದುಮೂಳೆಯನ್ನು ಅರೆದವು.

"ನೆರೆಯವಳು ನೀನಾದರೂ ಸಾಕ್ಷಿ ಹೇಳಬಾರದೇನೇ ಅಕ್ಕಾ?" ಅಂತ ನಾರಮ್ಮ ಮೃದುಮೂಳೆಯನ್ನು ಅಂಗಲಾಚಿದಳು.

ಮೃದುಮೂಳೆ ಮುಖಕ್ಕೆ ಹೊಡೆದ ಹಾಗೆ ಅಂದಳು: "ಹೆಸರಿಗಷ್ಟೇ ಮೂಳೆ, ನಾನೂ ರಾಯರ ಕಣ್ಣಿಗೆ ಬೀಳಲ್ಲ ಕಣೇ. ನಾನು ಪೂರ್ತಿ ಸವೆದು ಮೂಳೆಗೆ ಮೂಳೆ ತಾಗಿದಾಗ ನೋಡುತ್ತಾರೆ. ಆಗ ಉಳಿಸೋದಕ್ಕೆ ನಾನೂ ಇರಲ್ಲ, ನೀನೂ ಇರಲ್ಲ."