ಹೊಸ ಕಾರೂ ಕೋರಾ ಪಂಚೆಯೂ

ಹೊಳೆದಂಡೆಯ ಆಶ್ರಮವೊಂದಕ್ಕೆ ಒಂದು ಕಾರು ಬಂತು.

ಕೊಟ್ಟವರು ಲೋಕಾಂಬ ಎನ್ನುವ ಭಕ್ತೆ. ಅವರ ಯಜಮಾನರು ಕಿಡ್ನಿ ಕೆಟ್ಟು, ವಾರಕ್ಕೆರಡು ಸಲ ಬಸ್ಸಿನಲ್ಲಿ ನಿಂತುಕೊಂಡು ಡಯಾಲಿಸಿಸ್‌ಗೆ ಹೋಗಿಬಂದು, ಹೋಗಿಬಂದು, ಕೊನೆಗೊಂದು ದಿನ ಹೋದವರು ಬರಲಿಲ್ಲ. "ಇನ್ನೊಬ್ಬರು ಹಾಗೆ ನಿಂತುಕೊಂಡು ಹೋಗೋದು ಬೇಡ" ಎಂದು ಲೋಕಾಂಬ ಕಾರಿನ ಕೀಲಿಯನ್ನೂ, ಒಂದು ವರ್ಷದ ಡೀಸೆಲ್ಲಿಗೆ ಆಗುವಷ್ಟು ದುಡ್ಡನ್ನೂ ಗುರುಗಳ ಮುಂದಿಟ್ಟರು.

ಗುರುಗಳ ಹೆಸರು ಕಾತ್ಯಾಯಿನಮ್ಮ. ಎಲ್ಲರಿಗೂ ಅಮ್ಮ. ಜ್ಞಾನಕ್ಕೆ ಹೆಸರಾದವರು, ತಾಳ್ಮೆಗಲ್ಲ.

ಅಮ್ಮ ಕೀಲಿಯನ್ನು ಶಿಷ್ಯ ಸದ್ಯೋಜಾತನ ಕೈಗೆ ಹಾಕಿದರು.

"ಸೋಮವಾರ, ಗುರುವಾರ. ಆಚೆ ದಡದ ಜವರಪ್ಪನ್ನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗು, ಕರ್ಕೊಂಡು ಬಾ. ಇಷ್ಟೇ."

ಸದ್ಯೋಜಾತ ಆಶ್ರಮ ಸೇರಿ ವರ್ಷಗಳಾಗಿದ್ದವು. ಆಸೆಯನ್ನೆಲ್ಲ ಬಿಟ್ಟಾಯಿತು ಎಂದು ಅವನೇ ಆಗಾಗ ಹೇಳಿಕೊಳ್ಳುತ್ತಿದ್ದ. ಬರುವ ಹುಣ್ಣಿಮೆಗೆ ಅವನಿಗೆ ಕಾವಿ ಕೊಡುವ ಮಾತಾಗಿತ್ತು.

ಅಲ್ಲಿನ ಪದ್ಧತಿ ಹೀಗೆ. ಕಾವಿ ಉಡುವವನು ಹೊಸ ಕೋರಾ ಪಂಚೆ ತಂದು, ಅದರ ಗಂಜಿ ಬಿಡುವ ತನಕ ಹೊಳೆಯಲ್ಲಿ ತಾನೇ ಒಗೆಯಬೇಕು. ಗಂಜಿ ಇದ್ದರೆ ಬಣ್ಣ ಹಿಡಿಯುವುದಿಲ್ಲ. ಬಿಟ್ಟಿತೋ ಇಲ್ಲವೋ ಎಂದು ಮುಟ್ಟಿ ನೋಡಿ ಹೇಳುವವರು ಅಮ್ಮ. ಅವರು ಹೂಂ ಅಂದ ಮೇಲೆ ಕಾವಿಮಣ್ಣಿನ ನೀರಿಗೆ ಅದ್ದುವುದು.

ಸದ್ಯೋಜಾತ ಮಳೆಗಾಲದಿಂದ ಒಗೆಯುತ್ತಿದ್ದ. ಪ್ರತಿ ಸಲವೂ ಅಮ್ಮ ಪಂಚೆಯ ಅಂಚನ್ನು ಬೆರಳಲ್ಲಿ ಹೊಸಕಿ, ಹುಬ್ಬು ಗಂಟು ಹಾಕಿ, "ಇನ್ನೂ ಗಂಜಿ ಇದೆ" ಎನ್ನುತ್ತಿದ್ದರು.

"ಅಮ್ಮ, ಒಗೆದೂ ಒಗೆದೂ ಇದು ಎಳೆಮಗುವಿನ ಬಟ್ಟೆ ಹಾಗಾಗಿದೆ."

"ಹಾಗಾದ್ರೆ ಮಗುವಿಗೆ ಕೊಡು. ನೀನು ಉಡೋದಾದ್ರೆ ಇನ್ನೂ ಒಗಿ."

ಕಾರು ನೇರಳೆಹಣ್ಣಿನ ಬಣ್ಣದ್ದು. ಮುಖ ನೋಡಿಕೊಳ್ಳಬಹುದಿತ್ತು. ಸದ್ಯೋಜಾತ ನೋಡಿಕೊಂಡ.

ಪೂಜೆಯ ದಿನ ಲೋಕಾಂಬ ಬಾನೆಟ್ಟಿಗೆ ಕುಂಕುಮ ಇಡಲು ಕೈ ಚಾಚಿದಾಗ ಅವನು ಅಡ್ಡ ಬಂದು, ಬಾಳೆಲೆಯ ಚೂರೊಂದನ್ನು ಹಾಸಿ, "ಇದರ ಮೇಲೆ ಇಡಿ ತಾಯಿ, ಬಣ್ಣಕ್ಕೆ ಕಲೆಯಾಗುತ್ತೆ" ಎಂದ.

ಅಮ್ಮ ನೋಡಿದರು. ಹಣೆ ಚಚ್ಚಿಕೊಂಡರು ಎಂದು ಅಡುಗೆಯವರು ಹೇಳುತ್ತಾರೆ.

ಮಾರನೆಯ ದಿನ ಸದ್ಯೋಜಾತ ಬಂದು ಕೈಮುಗಿದು ನಿಂತ.

"ಅಮ್ಮ, ಆಸ್ಪತ್ರೆ ದಾರಿಯೆಲ್ಲ ಜಲ್ಲಿ. ಕಲ್ಲು ಸಿಡಿದರೆ ಬಣ್ಣ ಏಳುತ್ತೆ. ಕಾರಿಗೆ ಫಿಲಂ ಹಾಕಿಸಬೇಕು."

"ಎಂಥ ಫಿಲಮ್ಮು?"

"ಬಣ್ಣದ ಮೇಲೆ ಅಂಟಿಸೋ ತೆಳ್ಳನೆ ಪೊರೆ. ಕಣ್ಣಿಗೆ ಕಾಣಿಸಲ್ಲ."

"ಕಾಣಿಸದೇ ಇರೋದಕ್ಕೆ ದುಡ್ಡು ಕೊಡಬೇಕಾ?"

"ಕಾಣಿಸದೇ ಇದ್ದಷ್ಟೂ ಜಾಸ್ತಿ ದುಡ್ಡು ಅಮ್ಮ."

ಅಮ್ಮ ಒಂದು ಗಳಿಗೆ ಯೋಚಿಸಿದರು. "ನಾವೂ ಅದನ್ನೇ ಮಾರ್ತಿರೋದು. ನಮಗೆ ಯಾಕೆ ಇಷ್ಟು ಗಿರಾಕಿ ಇಲ್ಲ?"

"ಹಾಕಿಸಲಾ ಅಮ್ಮ?"

"ಕೀಲಿ ನಿನ್ನ ಕೈಯಲ್ಲಿದೆ."

ಸೋಮವಾರ ಜವರಪ್ಪ ಆಶ್ರಮದ ಬಾಗಿಲಿಗೆ ಬಂದ. ಒಂದು ಕಾಲಕ್ಕೆ ಹರಿಗೋಲು ಹಾಕುತ್ತಿದ್ದ. ಹೊಳೆಯ ಮೇಲೇ ಬದುಕಿದವನಿಗೆ ಈಗ ಡಾಕ್ಟರು ದಿನಕ್ಕೆ ಎರಡೇ ಲೋಟ ನೀರು ಎಂದು ಗೆರೆ ಎಳೆದಿದ್ದರು.

ಕಾರಿನ ಮೇಲೆ ದಪ್ಪ ಬಟ್ಟೆಯ ಹೊದಿಕೆ ಇತ್ತು.

"ಏನ್ ಮರಿಸಾಮಿ, ಒಳಗೆ ಬಾಣಂತಿ ಮಲಗವ್ಳಾ? ಗಾಳಿ ತಾಗದಂಗೆ ಮುಚ್ಚಿದ್ದೀರಲ್ಲ."

"ಫಿಲಂ ಹಾಕಿಸೋವರೆಗೂ ಆಚೆ ತೆಗೆಯೋ ಹಾಗಿಲ್ಲ ಜವರಪ್ಪ. ಸ್ವಲ್ಪ ದಿನ ತಡಕೋ."

"ತಡಕಂತೀನಿ ಬುಡಿ. ನನ್ ಹೆಸರು ಹೇಳುದ್ರೆ ಜವರಾಯನೇ ತಡಕಂತಾನೆ."

ಹೇಳಿ, ಬಸ್ಸಿಗೆ ಹೋಗಿ ನಿಂತ.

ಸದ್ಯೋಜಾತ ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿದ. ಧ್ಯಾನಕ್ಕೆ ಕೂತರೆ ಕಣ್ಣ ಮುಂದೆ ರೇಟುಗಳು ಬರುತ್ತಿದ್ದವು.

"ಅಮ್ಮ, ಪಿವಿಸಿ ಅಂತ ಒಂದಿದೆ. ಅಗ್ಗ, ಆದರೆ ಬಿಸಿಲಿಗೆ ಹಳದಿ ತಿರುಗುತ್ತಂತೆ. ಟಿಪಿಯು ಅಂತ ಇನ್ನೊಂದು. ಅದರಲ್ಲೂ ಐದು ವರ್ಷದ ಗ್ಯಾರಂಟಿದು ಬೇರೆ, ಹತ್ತು ವರ್ಷದ್ದು ಬೇರೆ. ಮುಂಭಾಗಕ್ಕೆ ಮಾತ್ರ ಆದ್ರೆ ಒಂದು ರೇಟು, ಇಡೀ ಮೈಗೆ ಆದ್ರೆ ಇನ್ನೊಂದು."

"ಕಲ್ಲು ಎಲ್ಲಿಗೆ ಹೊಡೆಯುತ್ತೆ?"

"ಮುಂದೆ."

"ಮತ್ತೆ?"

"ಹಿಂದೆಯಿಂದ ಯಾರಾದ್ರೂ ಉಜ್ಜಿಬಿಟ್ರೆ? ದನ ಬಂದು ಕೊಂಬು ತಿಕ್ಕಿದ್ರೆ?"

"ದನಕ್ಕೂ ಒಂದು ಪೊರೆ ಅಂಟಿಸು."

"ನೀವು ತಮಾಷೆ ಮಾಡ್ತೀರಿ. ಒಬ್ಬ ತೊಂಬತ್ತು ಸಾವಿರ ಅಂತಾನೆ, ಪಕ್ಕದ ಅಂಗಡಿಯವನು ಒಂದೂಮುಕ್ಕಾಲು ಲಕ್ಷ ಅಂತಾನೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಒಂದೇ ಥರ ಕಾಣುತ್ತೆ."

"ಕಾಣಿಸಲ್ಲ ಅಂದಿದ್ದೆಯಲ್ಲೋ!"

ಸದ್ಯೋಜಾತನಿಗೂ ರೇಗಿತು. ಗುರುಗಳ ಮೇಲೆ ರೇಗುವ ಹಾಗಿಲ್ಲ. ಹೋಗಿ ಪಂಚೆ ಒಗೆದ. ಜೋರಾಗಿ ಒಗೆದ.

ಮರುದಿನವೇ ಮುಖ ಅರಳಿಸಿಕೊಂಡು ಬಂದ.

"ಅಮ್ಮ, ತೀರ್ಮಾನ ಆಯ್ತು. ಹತ್ತು ವರ್ಷದ್ದೇ, ಇಡೀ ಮೈಗೆ. ಅದಕ್ಕೆ ಗೀರು ಬಿದ್ರೆ ತಾನೇ ಮಾಯುತ್ತಂತೆ."

"ತಾನೇ?"

"ತಾನೇ. ಬಿಸಿಲಲ್ಲಿ ನಿಲ್ಲಿಸಬೇಕು, ಅಷ್ಟೇ."

ಅಮ್ಮ ಅಂಗಳದ ಕಡೆ ಬೆರಳು ತೋರಿಸಿದರು. ನಡುಮಧ್ಯಾಹ್ನ.

"ಹೋಗಿ ನಿಲ್ಲು."

ಸದ್ಯೋಜಾತ ನಿಂತ. ಅಂಗಾಲು ಚುರುಗುಟ್ಟಿತು. ಅಡುಗೆಯವರು ಕಿಟಕಿಯಿಂದ ನೋಡಿ, ಇವತ್ತೇನು ಹೊಸ ವ್ರತ ಎಂದುಕೊಂಡರು. ಬಿಸಿಲು ಇಳಿದ ಮೇಲೆ ಅಮ್ಮ ಹೊರಗೆ ಬಂದರು.

"ಏನಾದ್ರೂ ಮಾಯಿತಾ?"

"ತಲೆನೋವು ಬಂತು ಅಮ್ಮ."

"ಅಗ್ಗದ ಮಾಲು" ಎಂದು ಅಮ್ಮ ಒಳಗೆ ಹೋದರು.

ಸಂಜೆ ಮಜ್ಜಿಗೆ ಕೊಟ್ಟು ಅವರೇ ಕೇಳಿದರು. "ದುಡ್ಡು?"

"ಲೋಕಾಂಬ ಕೊಟ್ಟಿದ್ದಾರಲ್ಲ."

"ಅದು ಡೀಸೆಲ್ಲಿಗೆ."

"ಹೌದು. ಆದರೆ ಕಾರು ಹತ್ತು ವರ್ಷ ಹೊಸದಾಗೇ ಇರುತ್ತೆ ಅಮ್ಮ."

"ಡೀಸೆಲ್ ಹಾಕದೇ ಇದ್ರೆ ಅದಕ್ಕಿಂತ ಜಾಸ್ತಿ ಇರುತ್ತೆ."

"ಹಾಗಾದ್ರೆ ಬೇಡ ಅಂತೀರಾ?"

"ಕೀಲಿ ನಿನ್ನ ಕೈಯಲ್ಲಿದೆ ಅಂತೀನಿ. ಎಷ್ಟು ಸಲ ಅನ್ನಲಿ?"

ಫಿಲಂ ಅಂಗಡಿಯವನು ಒಂದು ಮಾತು ಹೇಳಿ ಕಳಿಸಿದ್ದ. ಕಾರನ್ನು ತರುವ ಮುಂಚೆ ಒರಟು ಬಟ್ಟೆಯಲ್ಲಿ ಒರೆಸಬಾರದು. ಚೆನ್ನಾಗಿ ಒಗೆದು ಮೆತ್ತಗಾದ ಹತ್ತಿ ಬಟ್ಟೆಯೇ ಆಗಬೇಕು.

ಆಶ್ರಮದಲ್ಲಿ ಅಂಥ ಬಟ್ಟೆ ಒಂದೇ ಇತ್ತು.

ಬುಧವಾರ ಬೆಳಿಗ್ಗೆ ಅಮ್ಮ ಹೊಳೆಯಿಂದ ಬರುವಾಗ ಸದ್ಯೋಜಾತ ಬಾನೆಟ್ಟಿನ ಮೇಲೆ ಬಗ್ಗಿ, ಪಂಚೆಯಿಂದ ಮೃದುವಾಗಿ, ಸುತ್ತುಸುತ್ತಾಗಿ ಒರೆಸುತ್ತಿದ್ದ.

"ಏನದು ಕೈಯಲ್ಲಿ?"

"ಅದು... ಮತ್ತೆ ಒಗೀತೀನಿ ಅಮ್ಮ. ಇಷ್ಟು ಮೆತ್ತಗಿರೋದು ಬೇರೆ ಸಿಗಲಿಲ್ಲ."

ಅಮ್ಮ ಅಂಚನ್ನು ಹೊಸಕಿದರು. "ಗಂಜಿ ಇದೆ."

"ಅಮ್ಮ! ಫಿಲಂ ಅಂಗಡಿಯವನಿಗೆ ತೋರಿಸಿದೆ. ಇದರಲ್ಲಿ ಚೂರೂ ಗಂಜಿ ಇಲ್ಲ ಅಂದ."

"ಹಾಗಾದ್ರೆ ಕಾವೀನೂ ಅವನ ಹತ್ರಾನೇ ತಗೋ."

"ಹುಣ್ಣಿಮೆ ಹತ್ತಿರ ಬಂತಲ್ಲಮ್ಮ."

"ಹುಣ್ಣಿಮೆಗೇನು, ತಿಂಗಳು ತಿಂಗಳೂ ಬರುತ್ತೆ."

ಅವನು ಕಾರನ್ನು ಅಂಗಡಿಯಲ್ಲಿ ಬಿಟ್ಟು ಬಂದ.

ಗುರುವಾರ ಜವರಪ್ಪ ಬಾಗಿಲಿಗೆ ಬಂದಾಗ ಕಾರಿನ ಜಾಗದಲ್ಲಿ ಹೊದಿಕೆ ಮಾತ್ರ ಮಡಿಸಿಟ್ಟಿತ್ತು.

"ಬಾಣಂತಿ ತೌರಿಗೋದ್ಳಾ?"

ಸದ್ಯೋಜಾತ ಬಾಯಿ ತೆರೆಯುವ ಮುಂಚೆ ಅಮ್ಮ ಜಗಲಿಯಿಂದ ಹೇಳಿದರು. "ಕಾರಿಲ್ಲ. ಬಸ್ಸಿದೆ. ಇವತ್ತು ಇವನೂ ಬರ್ತಾನೆ."

ಸದ್ಯೋಜಾತನಿಗೆ ಬೇಜಾರೇನೂ ಆಗಲಿಲ್ಲ. ಜವರಪ್ಪ ಆಸ್ಪತ್ರೆಯಲ್ಲಿ ಮಲಗಿರುವಷ್ಟು ಹೊತ್ತಿನಲ್ಲಿ ಅಂಗಡಿಗೆ ಹೋಗಿ ಕಾರು ನೋಡಿಬರಬಹುದು. ಅಲ್ಲಿನ ಹುಡುಗರು ಯಾವ ಬಟ್ಟೆಯಿಂದ ಒರೆಸುತ್ತಾರೋ ಏನೋ ಎಂದು ಪಂಚೆಯನ್ನು ಹೆಗಲಿಗೆ ಹಾಕಿಕೊಂಡ.

ಜವರಪ್ಪನ ತೋಳಿಗೆ ಸೂಜಿ ಚುಚ್ಚಿ, ಮಿಷನ್ನು ತಿರುಗತೊಡಗಿತು.

"ಹೋಗಿ ನಿಮ್ ಕೂಸ ನೋಡ್ಕಂಡ್ ಬನ್ನಿ ಮರಿಸಾಮಿ. ನಾನೆಲ್ಲಿಗೂ ಓಡೋಗಕಿಲ್ಲ. ಕಟ್ಟಾಕವ್ರೆ."

ಅಂಗಡಿಯಲ್ಲಿ ಕಾರಿನ ಮುಂಭಾಗದ ಕೆಲಸ ಮುಗಿದಿತ್ತು. ಸದ್ಯೋಜಾತ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. ಬಾನೆಟ್ಟಿನ ನಡುವೆ, ಪೊರೆಯ ಕೆಳಗೆ, ಒಂದು ಕಣ.

"ಇದೇನು?"

"ಧೂಳು ಸರ್. ಒಂದು ಚೂರು ಒಳಗೆ ಸೇರ್ಕೊಂಡಿದೆ."

"ತೆಗೀರಿ."

"ಮೇಲಿಂದ ಒರೆಸಿದ್ರೆ ಹೋಗಲ್ಲ ಸರ್. ಒಳಗಿದೆಯಲ್ಲ. ಅದಕ್ಕೂ ಸೇರಿ ಹತ್ತು ವರ್ಷ ಗ್ಯಾರಂಟಿ" ಎಂದು ಅಂಗಡಿಯವನು ನಕ್ಕ.

ಸದ್ಯೋಜಾತ ನಗಲಿಲ್ಲ. "ಕಿತ್ತು ಬೇರೆ ಹಾಕಿ."

"ಹಾಕೋಣ. ಮಿಕ್ಕ ಮೈಯೂ ಸೇರಿ ಮಂಗಳವಾರ ಆಗುತ್ತೆ."

ಮಂಗಳವಾರಕ್ಕೆ ಮುಂಚೆ ಸೋಮವಾರ ಬರುತ್ತದೆ. ಅದು ಸದ್ಯೋಜಾತನಿಗೆ ಹೊಳೆಯಿತು. ಕಣವನ್ನು ಇನ್ನೊಮ್ಮೆ ನೋಡಿದ.

"ಮಂಗಳವಾರವೇ ಆಗಲಿ" ಎಂದ.

ವಾಪಸು ಬರುವ ಬಸ್ಸು ಕಿಕ್ಕಿರಿದಿತ್ತು. ಜವರಪ್ಪ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತ. ಇನ್ನೊಂದು ತೋಳಿಗೆ ಬ್ಯಾಂಡೇಜು. ಬೆಳಿಗ್ಗೆ ತುಂಬ ಮಾತಾಡಿದ ಮನುಷ್ಯ ಈಗ ಹಣೆಯನ್ನು ಕಂಬಿಗೆ ಒತ್ತಿಕೊಂಡ.

"ಸ್ವಲ್ಪ ಜಾಗ ಕೊಡಿ. ಹುಷಾರಿಲ್ಲದವರು" ಎಂದ ಸದ್ಯೋಜಾತ, ಸೀಟಿನಲ್ಲಿದ್ದ ಕನ್ನಡಕದವರಿಗೆ.

"ನಮಗೂ ಮಂಡಿನೋವು ಸ್ವಾಮಿ" ಎಂದು ಕನ್ನಡಕದವರು ಕಿಟಕಿಯ ಕಡೆ ತಿರುಗಿದರು.

ಬಸ್ಸು ಜಲ್ಲಿ ದಾರಿಗೆ ಇಳಿಯಿತು. ಜವರಪ್ಪನ ಮುಖ ಬಿಳಿಚಿಕೊಂಡಿತು.

"ಮರಿಸಾಮಿ. ಹೊಟ್ಟೆ ತೊಳಸ್ತೈತೆ."

ಸುತ್ತ ಇದ್ದವರು ಹಿಂದೆ ಸರಿದರು. ಇಷ್ಟು ಹೊತ್ತು ಇಲ್ಲದ ಜಾಗ ಎಲ್ಲಿಂದಲೋ ಬಂತು.

"ಏಯ್, ಕಿಟಕಿ ಹತ್ರ ಹೋಗಯ್ಯ!"

"ನನ್ನ ಸೀರೆ, ನನ್ನ ಸೀರೆ!"

"ಬಸ್ಸಲ್ಲಿ ಮಾಡಿದ್ರೆ ತೊಳೆಯೋರು ಯಾರ್ರೀ?" ಎಂದು ಕಂಡಕ್ಟರು ಕೂಗಿದ.

ಜವರಪ್ಪ ಬಾಯಿಗೆ ಕೈ ಒತ್ತಿಕೊಂಡ. ಕಣ್ಣಲ್ಲಿ ನೀರು ತುಂಬಿತು. ಡಾಕ್ಟರ ಎರಡು ಲೋಟದ ಲೆಕ್ಕಕ್ಕೆ ಸಿಗದ ನೀರು.

ಸದ್ಯೋಜಾತ ಹೆಗಲ ಪಂಚೆ ಎಳೆದು, ಎರಡೂ ಕೈಯಲ್ಲಿ ಬೊಗಸೆಯಾಗಿ ಹಿಡಿದ.

"ಇದರಲ್ಲಿ ಮಾಡು."

ಜವರಪ್ಪ ತಲೆ ಅಲ್ಲಾಡಿಸಿದ. "ಇದು ನಿಮ್ಮ ಕಾವಿ..."

"ಮಾಡು ಜವರಪ್ಪ."

ಎಲ್ಲ ಆದ ಮೇಲೆ ಸದ್ಯೋಜಾತ ಪಂಚೆಯ ಒಣ ತುದಿಯಿಂದ ಅವನ ಬಾಯಿ ಒರೆಸಿದ. ಗದ್ದ ಒರೆಸಿದ. ಕುತ್ತಿಗೆ ಒರೆಸಿದ.

"ಮೆತ್ತಗೈತೆ" ಎಂದ ಜವರಪ್ಪ, ಕಣ್ಣು ಮುಚ್ಚಿಕೊಂಡು.

ಕನ್ನಡಕದವರು ಎದ್ದು ಬಸ್ಸಿನ ಹಿಂಭಾಗಕ್ಕೆ ಹೋದರು. ಕರುಣೆಗಲ್ಲ, ವಾಸನೆಗೆ. ಹೇಗೋ, ಜವರಪ್ಪನಿಗೆ ಸೀಟು ಸಿಕ್ಕಿತು.

ಸದ್ಯೋಜಾತ ಪಕ್ಕದಲ್ಲಿ ನಿಂತು, ಪಂಚೆಯ ಗಂಟನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಅಂಗಡಿಯವನಿಗೆ ಫೋನು ಮಾಡಿದ.

"ಕೀಳಬೇಡಿ. ಆ ಕಣ ಅಲ್ಲೇ ಇರಲಿ. ಮುಂದೆ ಹಾಕಿರೋದಷ್ಟೇ ಸಾಕು, ಅದಕ್ಕೆಷ್ಟೋ ಅಷ್ಟು ತಗೊಳ್ಳಿ. ನಾಳೆ ಗಾಡಿ ಕೊಡಿ."

"ಸರ್, ಮಿಕ್ಕ ಕಡೆ ಗೀರು ಬೀಳುತ್ತೆ, ಆಮೇಲೆ ನನ್ನ ಬೈಬೇಡಿ."

"ಬೀಳಲಿ."

ಸಂಜೆ ಅವನು ಹೊಳೆಯ ಮೆಟ್ಟಿಲ ಮೇಲೆ ಕೂತು ಪಂಚೆ ಒಗೆದ. ವಾಸನೆ ಹೋಯಿತು. ಹಳದಿ ಕಲೆ ಹೋಗಲಿಲ್ಲ. ಹಿಂದೆ ಹೆಜ್ಜೆ ಸದ್ದಾಯಿತು.

"ಕಾರು?" ಎಂದರು ಅಮ್ಮ.

"ನಾಳೆ ತರ್ತೀನಿ. ಸೋಮವಾರ ಜವರಪ್ಪ ಅದರಲ್ಲೇ ಹೋಗ್ತಾನೆ. ಬಾನೆಟ್ಟಿನ ಮೇಲೆ ಒಂದು ಕಣ ಉಳಿದುಬಿಟ್ಟಿದೆ ಅಮ್ಮ."

"ಹೂಂ."

"ಪಂಚೆ ಹಾಳಾಯ್ತು. ಈ ಹುಣ್ಣಿಮೆಗೆ ಆಗಲ್ಲ. ಹೊಸ ಕೋರಾ ಪಂಚೆ ತಂದು ಮೊದಲಿಂದ ಒಗೀತೀನಿ."

ಅಮ್ಮ ಕೈ ಚಾಚಿದರು. ಅವನು ಒದ್ದೆ ಪಂಚೆ ಕೊಟ್ಟ. ಎಂದಿನ ಹಾಗೆ ಅಂಚನ್ನು ಬೆರಳಲ್ಲಿ ಹಿಡಿದು ಹೊಸಕಿದರು. ಎಂದಿನ ಹಾಗೆ ಹುಬ್ಬು ಗಂಟು ಹಾಕಿದರು.

"ನೋಡೋದೇನಿದೆ ಅಮ್ಮ, ಕೊಡಿ ಇತ್ತ" ಎಂದ ಸದ್ಯೋಜಾತ.

ಅಮ್ಮ ಪಂಚೆಯನ್ನು ಹಿಂಡಿ ಅವನ ಹೆಗಲ ಮೇಲೆ ಹಾಕಿದರು.

"ಗಂಜಿ ಬಿಟ್ಟಿದೆ. ಅದ್ದು."